ಕಲ್ಲಿನ ಕೆಲಸ

ಐದನೇ ಸೆಟ್ಟು. ಹದಿನಾಲ್ಕು, ಹದಿಮೂರು.
ಸರ್ವಿಸು ನಮ್ಮದು.
ಮುಂಡುವಳ್ಳಿಯ ಗುತ್ಯಪ್ಪ ಹಾರಿ ಹೊಡೆದದ್ದು
ನನ್ನ ಮೂಲೆಗೆ ಬಂದು ಬಿತ್ತು.
ಬಾವುಟ ಎತ್ತಿದೆ: ಔಟು.

ಹಾರೆಕೊಪ್ಪಕ್ಕೆ ಕಪ್ಪು, ಒಂದು ಟಗರು,
ಸಾವಿರದ ಒಂದು ರೂಪಾಯಿ.

ಬೆಳಿಗ್ಗೆ ಎದ್ದರೆ, ಕಾನಿನ ತಿರುವಿನಲ್ಲಿ
ಹೊರೆಗಲ್ಲು ಮಗುಚಿತ್ತು.
ಎರಡು ನಿಂತ ಕಲ್ಲು, ಮೇಲೊಂದು ಚಪ್ಪಡಿ,
ಅಷ್ಟೇ ಅದು. ದೇವರಲ್ಲ, ಕುಂಕುಮ ಕಂಡದ್ದಲ್ಲ.
ಬಸುರಲ್ಲೇ ಸತ್ತ ಯಾರದೋ ಮಗಳ ಹೆಸರಿಗೆ
ಯಾರೋ ನಿಲ್ಲಿಸಿದ್ದಂತೆ,
ಅವಳು ಇಳಿಸದೆ ಹೋದದ್ದನ್ನು
ಉಳಿದವರಾದರೂ ಇಳಿಸಲಿ ಅಂತ.
ಸೊಪ್ಪು, ಸೌದೆ, ಗಡಿಗೆಯ ಬಲೆ, ಗೊಬ್ಬರದ ಚೀಲ,
ಏರು ಹತ್ತಿ ಬಂದ ಎಲ್ಲ ತಲೆಯೂ
ಅಲ್ಲಿ ಒಂದು ಗಳಿಗೆ ಬರಿದಾಗುತ್ತಿತ್ತು.
ಸಿಂಬಿ ಕೊಡವುತ್ತ ಅಮ್ಮ ಅನ್ನುತ್ತಿದ್ದಳು,
ಕತ್ತು ಇದೆ ಅಂತ ನೆನಪಾಗೋದು ಇಲ್ಲೇ ಕಣೋ.

ಚಪ್ಪಡಿ ನಡುವಿಗೆ ಮುರಿದಿತ್ತು.
ಅದರ ಮೇಲೆ ಸುಣ್ಣದಲ್ಲಿ,
ನಮ್ಮದೇ ಕೋರ್ಟಿನ ಗೆರೆಗೆ ತಂದು ಉಳಿದ ಸುಣ್ಣದಲ್ಲಿ,
ದಪ್ಪ ಅಕ್ಷರ: ಬಾಲು ಒಳಗಿತ್ತು.

ಶಾಲೆಯ ಜಗಲಿಯಲ್ಲಿ ಪಂಚಾಯ್ತಿ.
ಪೊಲೀಸರಿಗೆ ಕೊಡಿ ಅಂದರು ಡಿಪೋದ ರೈಟರು.
ಐದು ಸಾವಿರ ದಂಡ ಅಂದರು
ಕಪ್ಪು ಕೊಡಿಸಿದ ಮಿಲ್ಲಿನ ಬೊನಿಫಾಸ್ ಸಾಹುಕಾರರು.
ಕಂಬಕ್ಕೆ ಕಟ್ಟಿ ಅಂದವರು
ಹಿಂದೆ ನಿಂತಿದ್ದರು, ಮುಖ ಕಾಣಲಿಲ್ಲ.
ಐದು ವರ್ಷ ಅವರನ್ನು ಆಟಕ್ಕೆ ಸೇರಿಸಬೇಡಿ
ಅಂದದ್ದು ನಾನು.
ಜನ ತಲೆದೂಗಿದರು. ಲೈನಿಗೆ ನಿಂತವನಲ್ಲವೇ,
ನ್ಯಾಯ ಬಲ್ಲವನು.

ಕೆಡವಿದ್ದು ನಾನೇ, ಅಂದ ಗುತ್ಯಪ್ಪ.
ಕಲ್ಲಿನ ಮೇಲೆ ನಂಗೆ ಸಿಟ್ಟಿರ್ಲಿಲ್ಲ.
ನಿಮ್ಮೂರಿಗೆ ಅಂತ ಇರೋದು
ಅದೊಂದೇ ಕಾಣ್ತು.

ಅಂಗಳದಲ್ಲಿ ಕುಂಬಾರಗೇರಿಯ ದ್ಯಾವಕ್ಕ,
ತಲೆಯ ಮೇಲೆ ಗಡಿಗೆ ಬಲೆ.
ತಿರುವಿನಲ್ಲಿ ಇಳಿಸಲು ಜಾಗವಿಲ್ಲದೆ
ಹೊತ್ತೇ ಬಂದಿದ್ದಳು ಇಲ್ಲಿತನಕ.
ನಿಮ್ ಮಾತು ಮುಗಿಯೋದ್ರೊಳ್ಗೆ
ನನ್ ಕುತ್ಗೆ ಮುಗೀತದೆ.
ಬಾರೋ ಇಲ್ಲಿ, ಇಳ್ಸು.

ಬಂದ. ಇಳಿಸಿದ.
ಒಂದು ಗಡಿಗೆಗೂ ಇನ್ನೊಂದರ ಸದ್ದು ಕೇಳದ ಹಾಗೆ.

ಆತಲ್ಲ, ಅಂದಳು.
ಹೊಸ ಚಪ್ಪಡಿ ಬರೋತಂಕ ಇವನೇ ಕಲ್ಲು.
ದಂಡ ಗಿಂಡ ಬ್ಯಾಡ.
ದುಡ್ಡು ಯಾರ ಹೊರೆ ಇಳ್ಸ್ತದೆ?

ಹನ್ನೊಂದು ಸಂತೆ ನಿಂತ.
ಕತ್ತಲಿರುವಾಗಲೇ ಆರು ಮೈಲಿ ನಡೆದು ಬಂದು
ಮುರಿದ ಎರಡು ಕಲ್ಲಿನ ನಡುವೆ.
ಮೊದಲ ವಾರ ನಮ್ಮ ಹುಡುಗರು
ಚೀಲದಲ್ಲಿ ಜಲ್ಲಿ ತುಂಬಿ ತಂದು
ಮೂರು ಸಲ ಇಳಿಸಿಕೊಂಡರು, ಮೂರು ಸಲ ಹೊರಿಸಿಕೊಂಡರು.
ಅವನು ತೂಕ ನೋಡಿದ, ಮುಖ ನೋಡಲಿಲ್ಲ.
ನಾಲ್ಕನೇ ವಾರ ಯಾರೋ ಮಜ್ಜಿಗೆ ಕೊಟ್ಟರು.
ಆರನೆಯದಕ್ಕೆ ಯಾರಿಗೆ ಎಡಭುಜ ನೋವು,
ಯಾರ ಸೊಸೆ ಬಸುರಲ್ಲೂ ಸೌದೆ ಹೊರುತ್ತಾಳೆ,
ಎಲ್ಲ ತಿಳಿದಿತ್ತು ಅವನಿಗೆ.
ಆ ಸೊಸೆಯ ಹೊರೆ ಸಂತೆತನಕ ತಾನೇ ಹೊತ್ತ.
ಕಲ್ಲಿಗೆ ಅದು ಬರುತ್ತಿರಲಿಲ್ಲ.

ಶಿವಮೊಗ್ಗದಿಂದ ಚಪ್ಪಡಿ
ಬರುವ ವಾರ ಬರುತ್ತದೆ ಅಂದರು.
ಅವತ್ತು ನಾನೂ ಹೋದೆ, ತೌಡಿನ ಮೂಟೆ ಹೊತ್ತು.
ಹೊರಬೇಕಾದ್ದೇನೂ ಇರಲಿಲ್ಲ,
ಮನೆಯಲ್ಲಿ ಗಾಡಿ ಇತ್ತು.

ಇಳಿಸಿಕೊಂಡ. ಕೈ ಉಜ್ಜಿಕೊಂಡ.

ಅವತ್ತು ಸುಣ್ಣ, ಅಂದೆ.
ಮುಂದಿನದು ಬಾಯಿಗೆ ಬರಲಿಲ್ಲ:
ಚೆಂಡಿಗೆ ಹತ್ತಿದ್ದ ಸುಣ್ಣ,
ಎಲ್ಲರೂ ಕುಣಿಯುವಾಗ
ನನ್ನ ಪಂಚೆಗೆ ನಾನು ಒರೆಸಿಕೊಂಡ ಸುಣ್ಣ.

ಅವನು ಏರಿನ ಕೆಳಗೆ ನೋಡುತ್ತಿದ್ದ.
ದೊಡ್ಡದೊಂದು ಸೊಪ್ಪಿನ ಹೊರೆ ಹತ್ತಿ ಬರುತ್ತಿತ್ತು,
ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿತ್ತು.
ತಡಿ, ಅವ್ರ್ ಬರ್ಲಿ, ಅಂದ.
ನಿಂದು ಆಮೇಲೆ.

ನಾನು ಕಾಯಲಿಲ್ಲ.
ಮೂಟೆ ನಾನೇ ಎತ್ತಿಕೊಳ್ಳಲು ನೋಡಿದೆ.
ಒಬ್ಬನಿಂದ ಆಗುವ ಕೆಲಸವಲ್ಲ ಅದು.
ಅವನೇ ಬಂದು ಹೊರಿಸಿದ.