ಗಟ್ಟಿಕಾಳು

ಮಂಡಕ್ಕಿ ಭಟ್ಟಿಯ ಓಣಿಗೆ
ನಮ್ಮ ಎಕ್ಸ್‌ರೇ ವ್ಯಾನು ಹಿಮ್ಮುಖವಾಗಿ ನುಗ್ಗಿ ನಿಂತಿತು.
ಐದೇ ನಿಮಿಷಕ್ಕೆ ಬಿಳಿ ಬಾನೆಟ್ಟು ಬೂದು.

ಪಟ್ಟಿಯಲ್ಲಿ ಏಳನೆಯವರು ಚಮನ್‌ಸಾಬ್. ವಯಸ್ಸು?
"ತೋಚಿದ್ದು ಬರ್ಕಳ್ರಿ. ಭಟ್ಟಿಗೆ ಬಂದಾಗ ಇಷ್ಟಿದ್ದೆ"
ಸೊಂಟದ ಪಕ್ಕ ಅಂಗೈ ಹಿಡಿದು ತೋರಿಸಿದರು.
ಕೆಮ್ಮು?
"ಕೆಮ್ಮಲ್ಲ ತಾಯೀ, ಹೊಗೆಯ ಬಾಕಿ.
ರಾತ್ರಿ ತೀರಿಸ್ತೀನಿ, ಬೆಳಿಗ್ಗೆ ಮತ್ತೆ ಉದ್ರಿ."

ಅಂಗಿ ಬಿಚ್ಚಿದರು, ತಾಯತ ಬಿಚ್ಚಲೊಲ್ಲರು.
ಲೋಹದ ನೆರಳು ಬೀಳುತ್ತೆ, ಅಂದೆ.
ದಾರ ಎಳೆದು ಅದನ್ನು ಹಲ್ಲಲ್ಲಿ ಕಚ್ಚಿಕೊಂಡರು.

ಹಲಗೆಗೆ ಎದೆಯೊತ್ತಿ ನಿಂತರು.
ಬೆಂಕಿಯೆದುರು ಅಳುಕದ ಮೈ
ಅಷ್ಟು ತಂಪಿಗೆ ಬೆಚ್ಚಿಬಿತ್ತು.

ಉಸಿರು ತಗಳ್ರಿ. ಹಿಡೀರಿ.
ಹಿಂದೊಮ್ಮೆ 'ಬಿಡ್ರಿ' ಅನ್ನಲು ಮರೆತಿದ್ದೆ;
ಹರಿಹರದ ಹುಡುಗಿಯೊಬ್ಬಳು ಮುಖ ಕೆಂಪಗಾಗಿ
ನಿಂತೇ ಇದ್ದಳು, ಪಾಪ.
ಅಂದಿನಿಂದ ಪ್ರತಿಯೊಬ್ಬರ ಜೊತೆ
ನಾನೂ ಹಿಡಿಯುತ್ತೇನೆ, ನಾನೂ ಬಿಡುತ್ತೇನೆ.

ತೆರೆಯ ಮೇಲೆ ಮೂಡಿತು
ಪಕ್ಕೆಲುಬಿನ ಏಣಿ,
ಮೆಟ್ಟಿಲ ಸಂದಿಯಲ್ಲಿ ನಲವತ್ತು ವರ್ಷದ ಮಬ್ಬು.
ಪಕ್ಕಕ್ಕೆ ವಾಲಿದ ಹೃದಯ ಅರಳಿದೆ.
ಎದೆ ಅರಳುವುದೆಂದರೆ ಸಂತೋಷ
ಎಂದು ಶಾಲೆಯಲ್ಲಿ ಬರೆದು ಅಂಕ ಪಡೆದವಳು ನಾನು.
ಇಲ್ಲಿ 'ಗಾತ್ರ ಹೆಚ್ಚಿದೆ' ಎಂದು ಬರೆಯಬೇಕು,
ಅದನ್ನೂ ಡಾಕ್ಟರೇ ಬರೆಯಬೇಕು.

ಬಲಗಡೆ, ಮೇಲೆ, ಒಂದು ಚುಕ್ಕೆ.

ಕತ್ತು ಚಾಚಿ ನೋಡಿದರು. "ಅದೇನು?"
ಡಾಕ್ಟರು ಹೇಳ್ತಾರೆ, ಅಂದೆ. ನನಗೆ ಕಲಿಸಿರುವ ಉತ್ತರ ಅದೊಂದೇ.
ಅವರು ತೆರೆಯ ಹತ್ತಿರ ಬಂದರು,
ಜರಡಿಯ ಮೇಲೆ ಬಾಗುವಂತೆ ಬಾಗಿದರು.
"ಗಟ್ಟಿಕಾಳು" ಅಂದರು.
"ಕಾದ ಮರಳಲ್ಲೂ ಅರಳದೆ ಉಳಿದಿರುತ್ತೆ ನೋಡ್ರಿ, ಅದು.
ಚೀಲ ಕಟ್ಟೋದರೊಳಗೆ ಆರಿಸಿ ಎಸೀಬೇಕು.
ಆಮೇಲೆ ಯಾರದೋ ಹಲ್ಲಿಗೆ ಸಿಕ್ಕರೆ ಹಲ್ಲೇ ಹೋಗುತ್ತೆ."

ಫೋನಿಗೆ ಡಾಕ್ಟರ ಉತ್ತರ ಬಂತು: ಸೋಮವಾರ, ಸಿ.ಟಿ.
"ಸೋಮವಾರ ಭಟ್ಟಿಗೆ ರಜಾ ಇಲ್ಲ" ಎಂದರು ಚಮನ್‌ಸಾಬ್.
ತಾಯತವನ್ನು ಅಂಗಿಯ ತುದಿಗೆ ಒರೆಸಿ,
ಮತ್ತೆ ಎದೆಯ ಮೇಲೆ ಬಿಟ್ಟು,
ಚೀಟಿಯನ್ನು ನಾಲ್ಕು ಮಡಿಕೆ ಮಡಿಚಿ
ಟೋಪಿಯೊಳಗೆ ಇಟ್ಟುಕೊಂಡರು. ಹರಿಯಲಿಲ್ಲ.

ಇಳಿಯುವಾಗ ಓಣಿಗೆ ಕೂಗಿದರು:
"ಜುಲೇಖಾ, ಜರಡಿ ಇಟ್ಟು ಬಾ.
ಇವಳದೂ ನೋಡ್ರಿ, ನಮ್ಮ ಸೊಸೆ. ಇನ್ನೂ ಹನ್ನೊಂದು ವರ್ಷದ ಹೊಗೆ ಅಷ್ಟೇ."

ಅವಳು ಬಂದಳು, ಹುಬ್ಬಿನ ಮೇಲೆಲ್ಲ ಹೊಟ್ಟಿನ ಪುಡಿ.
ಆಚೆ ಯಾರೋ ಹೊಸ ಅಕ್ಕಿ ಮರಳಿಗೆ ಸುರಿದರು;
ಚಟಪಟ, ಚಟಪಟ.

ಹಿಡೀರಿ, ಅಂದೆ.
ಹಿಡಿದೆ.