ಮನೆ ನಂಬರ್ ಇಪ್ಪತ್ಮೂರು

ಗೋರಿ ನದಿಯ ಅಂಚು ಹಿಡಿದು ಮೂರು ದಿನ.
ಬೆನ್ನಿಗೆ ಗಣತಿಯ ಹಾಳೆ, ಕೆಮ್ಮಣ್ಣಿನ ಡಬ್ಬಿ, ಒಂದು ಕುಂಚ.
ಡಿಗರ್ ಸಿಂಗನ ಹೇಸರಗತ್ತೆ ಮುಂದೆ, ನಾನು ಹಿಂದೆ,
ಅದರ ಬಾಲದ ಲಯಕ್ಕೆ ಉಸಿರು ಹೊಂದಿಸಿಕೊಂಡು.
ಕೆಳಗೆ ಥಲ್‌ನಲ್ಲಿ ಏಳನೆಯ ತರಗತಿಗೆ ಭೂಗೋಳ ಹೇಳುವವಳು ನಾನು.
ನಕ್ಷೆಯಲ್ಲಿ ಈ ಕಣಿವೆ ಕಿರುಬೆರಳ ಉಗುರಿಗಿಂತ ಚಿಕ್ಕದು.
ಉಗುರಿನೊಳಗೆ ಇಷ್ಟೊಂದು ಏರು ಇದೆಯೆಂದು
ಮಂಡಿ ಹೇಳಿತು, ಪುಸ್ತಕ ಹೇಳಿರಲಿಲ್ಲ.

ಹೋದ ವರ್ಷದ ಹಿಮ ಇನ್ನೂ ನದಿಗೆ ಸೇತುವೆಯಾಗಿತ್ತು.
"ಮಾತಾಡಬೇಡ, ಇದು ಕೇಳಿಸಿಕೊಳ್ಳುತ್ತೆ" ಅಂದ ಡಿಗರ್ ಸಿಂಗ.
ದಾಟಿದ ಮೇಲೆ ತಿರುವಿನಲ್ಲೊಂದು ಕಲ್ಲುಗುಪ್ಪೆ,
ಕಂದಿದ ಬಟ್ಟೆಚೂರು ಸುತ್ತಿಕೊಂಡು ನಿಂತಿತ್ತು.
ತಾನೊಂದು ಕಲ್ಲಿಟ್ಟ, ನನ್ನ ಕೈಗೂ ಒಂದು ಕೊಟ್ಟ.
"ಯಾವ ದೇವರು?"
"ದೇವರಲ್ಲ. ದಾರಿಗೆ ಬಾಡಿಗೆ."

ಪಾತುಂ. ಇಪ್ಪತ್ತೆರಡು ಬಾಗಿಲು.
ಕೆತ್ತನೆಯ ಮರದಲ್ಲಿ ನವಿಲಿನ ಕತ್ತು ಉಳಿದಿದೆ, ಗರಿ ಉದುರಿದೆ.
ಒಲೆಯ ಗುಂಡಿಯಲ್ಲಿ ಎದೆಮಟ್ಟ ತುರಿಕೆಗಿಡ.
ಖಾಲಿ, ಎಂದು ಬರೆದೆ. ಖಾಲಿ. ಖಾಲಿ.
ಗೋಡೆ ಇಲ್ಲದ ಕಡೆ ಚೌಕಟ್ಟಿಗೇ ಬಳಿದೆ: ಏಳು.
ಏಳರೊಳಗಿಂದ ಎಂಟು ಕಾಣುತ್ತಿತ್ತು,
ಎಂಟರೊಳಗಿಂದ ಹಿಮ.

ಹದಿನೇಳರಲ್ಲಿ ಹೊಗೆ.
ಬಿಸ್ಮತಿ. ಬೇಸಿಗೆಗೆ ಹತ್ತಿ ಬಂದವಳು,
ಆಲೂಗಡ್ಡೆಗೆ, ಜಂಬೂ ಸೊಪ್ಪಿಗೆ, ನಾಲ್ಕು ತಿಂಗಳ ಬಿಸಿಲಿಗೆ.
"ಮನೆಯ ಮುಖ್ಯಸ್ಥರು?" "ನಿನಗೆ ಇನ್ಯಾರಾದರೂ ಕಾಣ್ತಾರಾ?"
"ಕುಡಿಯುವ ನೀರಿನ ಮೂಲ?"
ಗದ್ದ ಎತ್ತಿ ಹಿಮನದಿ ತೋರಿಸಿದಳು:
"ಆ ಮುದುಕ. ವರ್ಷವರ್ಷಕ್ಕೆ ಒಂದೊಂದು ಹೆಜ್ಜೆ ಹಿಂದೆ ಸರೀತಾನೆ."
ಪೇರಳೆಯಾಕಾರದ ಕಬ್ಬಿಣದ ಗುಂಡೊಂದರಿಂದ
ಕಾಡುಜೀರಿಗೆ ಕುಟ್ಟಿ ಆಲೂಗಡ್ಡೆಗೆ ಉದುರಿಸಿದಳು.
ಬೆಣ್ಣೆಯ ಚಹಾಕ್ಕೆ ಉಪ್ಪು ಹಾಕುತ್ತ ಅಂದಳು:
"ಅಜ್ಜ ಉಪ್ಪು ತರ್ತಿದ್ದ, ಕುರಿಗಳ ಬೆನ್ನ ಮೇಲೆ, ಕಣಿವೆಯಾಚೆಯಿಂದ.
ಈಗ ಪ್ಯಾಕೆಟ್ಟಿನಲ್ಲಿ ಕೆಳಗಿನಿಂದ ಬರುತ್ತೆ.
ಹತ್ತೋದು ಮಾತ್ರ ತಪ್ಪಲಿಲ್ಲ ನೋಡು, ಉಪ್ಪಿಗೆ."

ಊರು ಮುಗಿದ ಮೇಲೆ, ಭೂರ್ಜದ ಮರಗಳ ಕೆಳಗೆ
ನಂದೆಯ ಗುಡಿ. ನನ್ನೆದೆಯಷ್ಟೇ ಎತ್ತರ.
ಬಾಗಿಲ ಮೇಲೆ ಸಾಲು ಗಂಟೆ. ನಾನು ಮುಟ್ಟಿದ್ದು ಮಾತಾಡಲಿಲ್ಲ.
ತಲೆಬಾಗಿಸಿ ನೋಡಿದೆ: ನಾಲಗೆಯಿಲ್ಲ.
"ಅಜ್ಜ ಕಟ್ಟಿದ್ದು. ಗಡಿ ಮುಚ್ಚಿದ ವರ್ಷ ನಾಲಗೆ ಬಿಚ್ಚಿಕೊಂಡು ಬಂದ.
ದಾರಿ ತೆರೆದಾಗ ಹಾಕ್ತೀನಿ, ಅಲ್ಲೀತನಕ ಅವಳೂ ಸುಮ್ಮನಿರಲಿ ಅಂದ."
ಅವಳ ಬೆರಳಲ್ಲಿ ಇನ್ನೂ ಕಾಡುಜೀರಿಗೆಯ ವಾಸನೆ.
ನಾನು ಕೇಳಲಿಲ್ಲ. ಅವಳೇ ಅಂದಳು:
"ಅಷ್ಟು ವರ್ಷ ಕಬ್ಬಿಣ ಸುಮ್ಮನೆ ಕೂತರೆ ತುಕ್ಕು ಹಿಡಿಯುತ್ತೆ, ಮೇಡಂ."

ಹಾಳೆಯಲ್ಲಿ ಗುಡಿಗೆ ಬೇರೆಯೇ ಒಂದು ಅಂಕೆ ಇದೆ, ತುಂಬಿದೆ.
ಅವಳು ಬಗ್ಗಿ ಓದಿದಳು, ನಿಧಾನ, ಬೆರಳಿಟ್ಟು.
"ಯಾರಿರ್ತಾರೆ ಅಂತ ಕೇಳೋದೇ ಇಲ್ಲವಾ ಇದು?
ಬರಿ: ಮದುವೆಯಾಗಿ ಹೋದ ಮಗಳು.
ಭಾದ್ರಪದದ ಅಷ್ಟಮಿಗೆ ತವರಿಗೆ ಬರ್ತಾಳೆ.
ಖಾಲಿ ಅಂತ ಮಾತ್ರ ಬರೀಬೇಡ."
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ, ಸಣ್ಣ ಅಕ್ಷರದಲ್ಲಿ.
ಮೇಲಧಿಕಾರಿ ಒರೆಸುತ್ತಾನೆಂದು ಗೊತ್ತು. ಬರೆದೆ.

ಗೋಡೆಗೆ ಕುಂಚ ತಾಗಿಸುವ ಮೊದಲೇ ಮಣಿಕಟ್ಟು ಹಿಡಿದಳು.
ಒಂದು ಚಪ್ಪಟೆ ಕಲ್ಲಿಗೆ ಇಪ್ಪತ್ಮೂರು ಬಳಿದು ಒರಗಿಸಿಟ್ಟೆವು.
ಬೆಳಗ್ಗೆ ಆಡೊಂದು ಅದನ್ನು ನೆಕ್ಕುತ್ತಿತ್ತು,
ಮೂರು ಹೋಗಿ ಇಪ್ಪತ್ತು ಉಳಿದಿತ್ತು.

ಇಳಿಯುವಾಗ ಹಿಂದಿನಿಂದ ಸದ್ದು:
ಕುಟ್, ಕುಟ್, ಕಲ್ಲಿನ ಒರಳಿಗೆ ಕಬ್ಬಿಣ.
ಡಿಗರ್ ಸಿಂಗ ನಿಂತ. ಟೋಪಿ ತೆಗೆದು
ಸದ್ದು ಬಂದ ಕಡೆಗೆ ಕೈ ಮುಗಿದ.
ಹೇಸರಗತ್ತೆ ನಿಲ್ಲಲಿಲ್ಲ.