ಐದನೇ ಚುಕ್ಕೆ

ಅಡ್ಡಗೆರೆಗೆ ದಿನ, ನಿಲುಗೆರೆಗೆ ತೂಕ.
ಹತ್ತು ರೇಷ್ಮೆಹುಳು, ಮೂರನೇ ಜ್ವರ ಎದ್ದ ಬೆಳಗಿನಿಂದ,
ರುಬೀನಾಳ ಮಾವನ ಬೆಳ್ಳಿ ತಕ್ಕಡಿಯಲ್ಲಿ.

ನಾಲ್ಕು ಚುಕ್ಕೆ ಮೆಟ್ಟಿಲು ಹತ್ತಿದವು.
ಐದನೆಯದು
ಕೆಳಗೆ ಕೂತುಬಿಟ್ಟಿತು.

"ಎರಡು ಮನೆ ಮೇಲಕ್ಕೆತ್ತೇ," ಅಂದೆ,
"ಶಿಡ್ಲಘಟ್ಟದಲ್ಲಿ ಯಾರು ಎಣಿಸ್ತಾರೆ?"
ರಬ್ಬರು ನನ್ನ ಕೈಯಲ್ಲೇ ಬೆಚ್ಚಗಾಗಿತ್ತು.
ಅವಳು ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಕೇಳಿದಳು:
"ಅವತ್ತು ನಿಮ್ಮನೇಲಿ ಸೊಪ್ಪು ಹಾಕಿದ್ರಾ?"

ಹಾಕಿರಲಿಲ್ಲ.
ತಟ್ಟೆ ತುಂಬ ಹುಳು ತಲೆಯೆತ್ತಿ ನಿದ್ದೆ ಹೋಗಿದ್ದವು,
ನಾಲ್ಕನೇ ಜ್ವರ.
ಅವ್ವ ನಮ್ಮನ್ನೂ ಪಿಸುಮಾತಲ್ಲೇ ಗದರಿದ್ದಳು.
ಹುಟ್ಟಿದಾಗಿಂದ ಗೊತ್ತಿದ್ದ ಮಾತು,
ಗ್ರಾಫ್ ಹಾಳೆಯ ಮೇಲೆ ಗುರುತೇ ಸಿಕ್ಕಲಿಲ್ಲ ನನಗೆ.

ಜ್ವರ ಅಂತ ಬರೆದರೆ ವಿಜ್ಞಾನ ಆಗತ್ತಾ?
'ತೀರ್ಮಾನ' ಎಂಬಲ್ಲಿ ಅವಳು ಬರೆದಳು:
ಐದನೇ ದಿನ ತಿನ್ನಲಿಲ್ಲ. ಜ್ವರ.
ಅದಕ್ಕೇ ಇರಬಹುದು.
ಇನ್ನೊಂದು ಬೆಳೆ ತೂಗಿ ನೋಡಬೇಕು.

ಪಂಕಜಾಕ್ಷಿ ಮೇಡಂ ಕೆಂಪು ಪೆನ್ನಿಂದ
ಚುಕ್ಕೆಗೊಂದು ಸುತ್ತು ಹಾಕಿದರು,
'ಇರಬಹುದು' ಕೆಳಗೊಂದು ಗೆರೆ.
ತಪ್ಪಿಗೋ, ಮೆಚ್ಚುಗೆಗೋ,
ನಾವಿನ್ನೂ ವಾದ ಮಾಡುತ್ತಿದ್ದೇವೆ.